ಪದಚರ್ಚೆ: ‘ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಕಾನೂನು ಅರಿವು ಶಿಬಿರಕ್ಕೆ ಒಂದು ಕರಪತ್ರ ಬರೆಯುತ್ತಿದ್ದೇನೆ, ಮನಸ್ಸು ಕೆಟ್ಟು ಮಾಡಿದ ಕೃತ್ಯಕ್ಕೆ ಕಾನೂನು ಕೊಡುವ ವಿನಾಯಿತಿಯನ್ನು ಆಡುಮಾತಿನಲ್ಲಿ ಹೇಳುವ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮ ಪೊನ್ನಂಪೇಟೆ ಕಡೆ ಒಂದು ತೋಟದಲ್ಲಿ ಕೆಲಸದವನೊಬ್ಬ ಗಿಡ ಸವರುವ ಕಪಾತು ಕತ್ತಿಯನ್ನು ತೋಟದ ಲೆಕ್ಕ ಬರೆಯುವ ರೈಟರ್ ಮೇಲೆ ಬೀಸಿದ. ಏಟು ಬಿದ್ದದ್ದು ಕೊಡೆಗೆ. ಕಡ್ಡಿ ಎರಡು ತುಂಡಾಯಿತು, ರೈಟರ್ ಮೈಗೆ ಒಂದು ಗೀರೂ ಇಲ್ಲ. ಮರುದಿನ ಪೇಪರಿನಲ್ಲಿ ‘ಮಾನಸಿಕ ಅಸ್ವಸ್ಥನಿಂದ ಕೊಲೆ ಯತ್ನ’. ಟೀ ಅಂಗಡಿಯಲ್ಲಿ ಎರಡು ಪದಕ್ಕೂ ಜಗಳ. ಗಾಯವೇ ಆಗಿಲ್ಲ, ಇದೆಂಥ ಕೊಲೆ ಯತ್ನ ಅಂತ ಒಬ್ಬರು. ಅಸ್ವಸ್ಥ ಅಂತ ಪೇಪರಿನವರೇ ಬರೆದ ಮೇಲೆ ಕೇಸ್ ಎಲ್ಲಿ ನಿಲ್ಲುತ್ತೆ ಅಂತ ಇನ್ನೊಬ್ಬರು.

‘ಯತ್ನ’ದ ತಕರಾರು ಸುಲಭ. ಜನ ಈಗಲೂ ‘ತ್ರೀ ನಾಟ್ ಸೆವೆನ್’ ಅನ್ನುವ, ಹಳೆಯ ದಂಡ ಸಂಹಿತೆಯ (ಐಪಿಸಿ) ಕೊಲೆ ಯತ್ನದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 109 ಆಗಿದೆ. ಕೊಲ್ಲುವ ಉದ್ದೇಶ ಇದ್ದರೆ ಗಾಯ ಆಗಲೇಬೇಕು ಅಂತಿಲ್ಲ, ಗಾಯ ಆದರೆ ಶಿಕ್ಷೆ ಜಾಸ್ತಿ. ಕಾನೂನಿನಲ್ಲೇ ಕೊಟ್ಟ ಉದಾಹರಣೆ ನಮ್ಮ ಕೊಡಗಿನವರಿಗೆ ಬೇಗ ಹಿಡಿಸುತ್ತೆ: ಕೊಲ್ಲಬೇಕು ಅಂತ ಕೋವಿ ಕೊಂಡು ಈಡು ತುಂಬಿದರೆ ಈ ಅಪರಾಧ ಇನ್ನೂ ಆಗಿಲ್ಲ, ಗುಂಡು ಹಾರಿಸಿದರೆ ಆಯಿತು.

ಕಷ್ಟ ಇರುವುದು ಇನ್ನೊಂದರಲ್ಲಿ. ಹಳೆಯ 84, ಈಗಿನ 22ನೇ ಕಲಂ ಕೇಳುವುದು ಕಾಯಿಲೆಯ ಹೆಸರನ್ನಲ್ಲ. ಕತ್ತಿ ಬೀಸಿದ ಆ ಗಳಿಗೆಯಲ್ಲಿ, ಮನಸ್ಸು ಕೆಟ್ಟಿದ್ದರಿಂದ, ತಾನು ಏನು ಮಾಡುತ್ತಿದ್ದೇನೆ ಅಂತಲೋ, ಅದು ತಪ್ಪು ಅಂತಲೋ ತಿಳಿಯುವ ಶಕ್ತಿ ಅವನಿಗೆ ಇರಲಿಲ್ವಾ ಅಂತ. ಅದನ್ನು ತೋರಿಸುವ ಹೊಣೆ ಆರೋಪಿಯದೇ. ‘ಮಾನಸಿಕ ಅಸ್ವಸ್ಥ’ ಅಂದರೆ ಆ ಗಳಿಗೆ ಎಲ್ಲೂ ಕಾಣುವುದಿಲ್ಲ, ಮನುಷ್ಯ ಯಾವಾಗಲೂ ಹಾಗೇ ಅನ್ನಿಸುತ್ತೆ. ‘ಬುದ್ಧಿಗೆಟ್ಟವನು’ ಬೈಗುಳ. ‘ಸ್ವಸ್ಥ ಚಿತ್ತದಿಂದ’ ಅಂತ ವಿಲ್ ಬರೆಯುವಾಗ ಎಲ್ಲರೂ ಹಾಕುತ್ತಾರೆ, ಆದರೆ ಟೀ ಅಂಗಡಿಯಲ್ಲಿ ಚಿತ್ತ ಅಂದರೆ ಕುಸ್ತಿ ನೆನಪಾಗುತ್ತೆ.

‘ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ’ ನನಗೆ ತುಂಬಾ ಇಷ್ಟವಾಗಿತ್ತು. ಆಡುಮಾತು, ಕಾಲವೂ ಅದರಲ್ಲೇ ಇದೆ. ಆಮೇಲೆ ಹ್ಯಾಡ್‌ಫೀಲ್ಡ್ ನೆನಪಾದ. 1800ರಲ್ಲಿ ಲಂಡನ್ನಿನ ಒಂದು ನಾಟಕಶಾಲೆಯಲ್ಲಿ ದೊರೆ ಮೂರನೇ ಜಾರ್ಜ್ ಕಡೆಗೆ ಪಿಸ್ತೂಲು ಹಾರಿಸಿದವನು. ಗುರಿ ತಪ್ಪಿತು. ಯುದ್ಧದಲ್ಲಿ ತಲೆಗೆ ಕತ್ತಿಯೇಟು ತಿಂದಿದ್ದ ಸಿಪಾಯಿ. ಸರ್ಕಾರದ ಕೈಯಲ್ಲಿ ತಾನು ಸತ್ತರೆ ಲೋಕ ಉದ್ಧಾರ ಆಗುತ್ತೆ ಅನ್ನುವ ಭ್ರಮೆ ಅವನಿಗೆ. ಅಂದರೆ ದೊರೆಗೆ ಗುಂಡು ಹೊಡೆದರೆ ಗಲ್ಲು ಅಂತ ಗೊತ್ತಿತ್ತು, ಅದಕ್ಕೇ ಹೊಡೆದ! ಅವನನ್ನು ತಪ್ಪಿತಸ್ಥ ಅನ್ನಲಿಲ್ಲ. ಹಾಗಂತ ಮನೆಗೂ ಬಿಡಲಿಲ್ಲ, ಕೂಡಿಯೇ ಹಾಕಿದರು. ನಮ್ಮ ಕಲಂಗೆ ಮೂಲವಾದ ‘ತಿಳಿದಿತ್ತಾ’ ಅನ್ನುವ ಪರೀಕ್ಷೆ ಗಟ್ಟಿಯಾದದ್ದು ಆಮೇಲೆ, ಇಂಗ್ಲೆಂಡಿನ 1843ರ ಮೆಕ್‌ನಾಟನ್ ಪ್ರಕರಣದ ಮೇಲೆ.

ಬುದ್ಧಿ ಹ್ಯಾಡ್‌ಫೀಲ್ಡ್‌ನ ಸ್ವಾಧೀನದಲ್ಲಿ ಇರಲಿಲ್ಲ ಅಂತ ಯಾರು ಬೇಕಾದರೂ ಒಪ್ಪುತ್ತಾರೆ. ತಿಳಿವು ಇರಲಿಲ್ಲ ಅಂತ ಹೇಳಕ್ಕಾಗುತ್ತಾ? ಸ್ವಾಧೀನ ಅಂದರೆ ಹಿಡಿತ, ಕಾನೂನು ಕೇಳುವುದು ತಿಳಿವು. ಸದ್ಯಕ್ಕೆ ‘ಮನಸ್ಸು ಕೆಟ್ಟು ತಿಳಿವು ತಪ್ಪಿದ್ದಾಗ’ ಅಂತ ಬರೆದಿಟ್ಟಿದ್ದೇನೆ. ‘ಪ್ರಜ್ಞೆ ತಪ್ಪಿದ್ದಾಗ’ ಅಂತ ಓದಿಕೊಳ್ಳುತ್ತಾರೇನೋ ಅಂತ ಭಯ. ಮಂಗಳೂರು, ಹಾಸನದ ಕಡೆ ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಬರೆಯುವವರು ಇದಕ್ಕೆ ಏನು ಹಾಕುತ್ತಾರೆ? ಸೋಮವಾರ ಪ್ರಿಂಟಿಗೆ ಕೊಡಬೇಕು.