ಅಪ್‌ಡೇಟ್: ಡಬ್ಬಿ, ಕಡ್ಡಿ, ಗುಂಟೂರು ಮೆಣಸಿನಕಾಯಿ ಮೂರನ್ನೂ ಬೆಳೆದು ನೋಡಿದೆ

ಮಳೆಯಾಶ್ರಿತ ಎರೆಹೊಲಕ್ಕೆ ಈ ಮೂರರಲ್ಲಿ ಯಾವ ತಳಿ ಒಳ್ಳೆಯದು ಎಂದು ಮುಂಗಾರಿಗೆ ಮುಂಚೆ ಕೇಳಿದ್ದೆ. ಹತ್ತತ್ತು ಗುಂಟೆ ಹಾಕಿದ್ದೆ, ಈಗ ಕೊನೆಯ ಬಿಡಿಸುವಿಕೆ ಮುಗಿಯಿತು.

ತೂಕದಲ್ಲಿ ಗುಂಟೂರೇ ಮುಂದೆ, ಖಾರವೂ ಅದರದ್ದೇ. ಆದರೆ ಮಳೆ ಕೈಕೊಟ್ಟಾಗ ಮೊದಲು ಬಾಡಿದ್ದೂ ಅದೇ. ಕಡ್ಡಿ ತಡೆದುಕೊಂಡಿತು. ಡಬ್ಬಿ ಇಳುವರಿ ಕಡಿಮೆ, ಬಣ್ಣ ಮಾತ್ರ ಕಣ್ಣು ಕುಕ್ಕುವಂಥದ್ದು. ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಸಿಗುವುದೇ ಆ ಬಣ್ಣಕ್ಕೆ.

ಎಲೆ ಮುದುಡುವ ಮುಟುರು ರೋಗ ಮೂರನ್ನೂ ಕಾಡಿತು. ಎಲೆ ಮೇಲಕ್ಕೆ ಮುದುಡಿದರೆ ರಸ ಹೀರುವ ಥ್ರಿಪ್ಸ್ ಕೀಟ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ ಎಂದು ತಿಳಿಸಿದವರಿಗೆ ನಾನು ಋಣಿ. ಅದು ಗೊತ್ತಿರದಿದ್ದರೆ ತಪ್ಪು ಔಷಧಿಯನ್ನೇ ಹೊಡೆಯುತ್ತಿದ್ದೆ. ಥ್ರಿಪ್ಸ್ ಹಿಡಿಯಲು ನೀಲಿ ಅಂಟುಬಲೆಗಳೂ ನೆರವಾದವು.

ಮುಂದಿನ ವರ್ಷ ಕಡ್ಡಿಯೇ ಹೆಚ್ಚು, ಬದುವಿನ ಪಕ್ಕ ಬೀಜಕ್ಕಾಗಿ ನಾಲ್ಕು ಸಾಲು ಡಬ್ಬಿ.