ಒಂದೇ ತಪ್ಪು, 41 ಕಾಮೆಂಟು

ಸವಿತಾ_ಹಾಸನ: ನಮ್ಮಕ್ಕ ಸರ್ಕಾರಿ ಶಾಲೆ ಟೀಚರ್. ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬೇಕು ಅಂತ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು. ರಾತ್ರಿ ಒಂದೇ ಗಂಟೆಯಲ್ಲಿ ಇನ್ನೂರು ಕಾಮೆಂಟು, ಎಲ್ಲಾ ಬೈಗುಳ. ಒಂದೊಂದಾಗಿ ಓದಿದೆ. 41ರಲ್ಲಿ ‘ಶಿಕ್ಷಕಿ’ ಬದಲು ‘ಶಿಕ್ಷಿಕಿ’ ಅಂತಿದೆ. ಫೇಕ್ ಅಕೌಂಟುಗಳೇ ಅಲ್ವಾ?

ಕೋಡ್_ಕಿಟ್ಟಿ: ಕಾಪಿ-ಪೇಸ್ಟ್ ಅನ್ನೋದಂತೂ ನಿಜ. ಫೇಕ್ ಅಂತ ಅಷ್ಟಕ್ಕೇ ಹೇಳೋಕಾಗಲ್ಲ. ಹೀರೋ ಬರ್ತ್‌ಡೇಗೆ ಅಭಿಮಾನಿಗಳೂ ವಾಟ್ಸಾಪ್ ಗ್ರೂಪಿನಿಂದ ಒಂದೇ ಸಾಲು ಎತ್ತಿ ಹಾಕ್ತಾರೆ. ಅಕೌಂಟ್ ಯಾವಾಗ ಶುರುವಾಯ್ತು, ಅವರವರೇ ಫ್ರೆಂಡ್ಸಾ, ಬೇರೆ ಕಡೆಗೂ ಇದೇ ಗುಂಪು ಒಟ್ಟಿಗೆ ನುಗ್ಗಿತ್ತಾ, ನೋಡಿ. 2016ರಲ್ಲಿ ಫಿಲಿಪ್ಪೀನ್ಸ್‌ನ ರಾಪ್ಲರ್ ಅನ್ನೋ ಸುದ್ದಿತಾಣದ ಪತ್ರಕರ್ತರು ಹೀಗೇ ಜಾಡು ಹಿಡಿದು 26 ಫೇಕ್ ಅಕೌಂಟ್ ಪತ್ತೆ ಮಾಡಿದರು. ಫ್ರೆಂಡ್ಸ್ ಕಡಿಮೆ, ಸೇರಿಕೊಂಡ ಗ್ರೂಪ್‌ಗಳು ಸಿಕ್ಕಾಪಟ್ಟೆ. ಆ 26ರಿಂದಲೇ 30 ಲಕ್ಷ ಅಕೌಂಟ್‌ಗಳನ್ನು ತಲುಪಬಹುದಿತ್ತು.

ಮಲೆನಾಡಿಗ: ಅದನ್ನು ಬರೆದಿದ್ದಕ್ಕೆ ಅಲ್ಲಿನ ಸಂಪಾದಕಿ ಮರಿಯಾ ರೆಸ್ಸಾ ಮೇಲೇ ಮುಗಿಬಿದ್ದರು. ಗಂಟೆಗೆ ಸರಾಸರಿ 90 ದ್ವೇಷದ ಮೆಸೇಜ್ ಬರುತ್ತಿತ್ತು ಅಂತ ಅವರೇ ಹೇಳಿದ್ದಾರೆ. 2021ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ಅವರು. ಆದ್ರೂ ನನಗೊಂದು ಭಯ ಇದೆ. ಒಟ್ಟಿಗೆ ಬರೆದವರನ್ನೆಲ್ಲ ತೆಗೆದುಹಾಕಿದರೆ, ಹ್ಯಾಶ್‌ಟ್ಯಾಗ್ ಹಾಕಿ ನ್ಯಾಯ ಕೇಳುವ ರೈತರು, ಪೌರಕಾರ್ಮಿಕರ ಗತಿ?

ಸವಿತಾ_ಹಾಸನ: ಅವರು ಸರ್ಕಾರವನ್ನು ಕೇಳ್ತಾರೆ ಸಾರ್. ಇವರು ಒಬ್ಬ ಹೆಂಗಸಿನ ಬಾಯಿ ಮುಚ್ಚಿಸ್ತಾರೆ.

ಕೋಡ್_ಕಿಟ್ಟಿ: ಸವಿತಾ ಅವರ ಮಾತು ಸರಿ. ಯಾರ ಮೇಲೆ, ಏನು ಬರೆದರು ಅನ್ನೋದನ್ನೂ ನೋಡಬೇಕು. 2021ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್‌ನ ಕಂಪನಿ ಮೆಟಾ ಇಟಲಿ, ಫ್ರಾನ್ಸ್‌ನ ಲಸಿಕೆ ವಿರೋಧಿ ಜಾಲವೊಂದನ್ನು ಕಿತ್ತುಹಾಕಿತು. ಟೆಲಿಗ್ರಾಂನಲ್ಲಿ ಮಾತಾಡಿಕೊಂಡು ವೈದ್ಯರು, ಪತ್ರಕರ್ತರ ಪೋಸ್ಟ್‌ಗಳಿಗೆ ಗುಂಪಾಗಿ ನುಗ್ತಿದ್ದರು. ಅದರಲ್ಲಿ ಅಸಲಿ ಅಕೌಂಟ್‌ಗಳೂ ಇದ್ದವು. ಇಂಥದ್ದು ಬಿಡಿ ಬಿಡಿಯಾಗಿ ನೋಡಿದರೆ ತಿಳಿಯಲ್ಲ, ರಾಶಿ ಮುಂದಿಟ್ಟುಕೊಂಡು ನೋಡಬೇಕು.

ಮಲೆನಾಡಿಗ: ಒಪ್ಪಿದೆ. ನೋಡೋರಿಗೆ ಕನ್ನಡ ಬರಬೇಕಲ್ಲ? ನಮ್ಮ ಕಡೆ ‘ನಿಮ್ಮ ಮನೆ ಗೊತ್ತು ಮೇಡಂ’ ಅಂದರೆ ಅದು ಬೆದರಿಕೆ. ಕಾಮೆಂಟು ಜಾಲಾಡುವ ಯಂತ್ರಕ್ಕೆ ಅದು ಮರ್ಯಾದೆ ಮಾತಿನಂತೆ ಕಂಡೀತು.

ಕೋಡ್_ಕಿಟ್ಟಿ: ಹೌದು, ಅದಕ್ಕೆ ಮನುಷ್ಯರೇ ಬೇಕು. ಸವಿತಾ ಅವರೇ, ಏನನ್ನೂ ಡಿಲೀಟ್ ಮಾಡಬೇಡಿ. ಸಮಯ, ಪ್ರೊಫೈಲ್ ಲಿಂಕ್ ಸಮೇತ ಎತ್ತಿಡಿ.

ಸವಿತಾ_ಹಾಸನ: ಅಕ್ಕ ನಿನ್ನೆಯೇ ಪೋಸ್ಟ್ ಅಳಿಸಿಬಿಟ್ಟಳು. ನನ್ನ ಹತ್ರ 60 ಸ್ಕ್ರೀನ್‌ಶಾಟ್ ಇವೆ. ಲಿಂಕ್ ಇಲ್ಲ, ಹೆಸರು ಕಾಣುತ್ತೆ. ಇವತ್ತು ರಾತ್ರಿ ಕೂತು ಪಟ್ಟಿ ಮಾಡ್ತೀನಿ.