ಪದಚರ್ಚೆ: ‘ಪಿವಿಪಿ’ಗೆ ಕಾದಾಟ ಸರಿ, ಹೊಂಚಿ ಕೊಲ್ಲುವುದಕ್ಕೆ ಏನನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಧಾರವಾಡದಲ್ಲಿರುವ ನನ್ನ ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಓದುವುದಕ್ಕಿಂತ ಹೆಚ್ಚು ಹೊತ್ತು ಮೊಬೈಲಿನಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಡುತ್ತಾನೆ (ಅಕ್ಕ ಈ ಬಳಗದಲ್ಲಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ). ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಆ ಆಟವನ್ನು ಕನ್ನಡದಲ್ಲಿ ವಿವರಿಸುವ ವಿಡಿಯೋ ಮಾಡಹೊರಟಿದ್ದಾರೆ. ಪರದೆಯ ಕೆಳಗೆ ಬರುವ ಸಾಲುಗಳನ್ನು ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಮೊದಲ ಸಾಲಿಗೇ ಗಾಡಿ ನಿಂತಿತು.

ಸಾಲು ಇಷ್ಟೇ: ‘ಈ ಜಾಗದಲ್ಲಿ ಪಿವಿಪಿ ಇದೆ, ಹುಷಾರು.’

ಗೊತ್ತಿಲ್ಲದವರಿಗೆ: ರೂನ್‌ಸ್ಕೇಪ್ ಕೇಂಬ್ರಿಜ್‌ನ ಜ್ಯಾಗೆಕ್ಸ್ ಕಂಪನಿಯ ಆಟ, 2001ರಲ್ಲಿ ಶುರುವಾದದ್ದು. ಅದರ 2007ರ ರೂಪವನ್ನೇ 2013ರಲ್ಲಿ ‘ಓಲ್ಡ್ ಸ್ಕೂಲ್’ ಎಂದು ಮತ್ತೆ ತಂದರು, 2018ರಿಂದ ಮೊಬೈಲಿಗೂ ಬಂತು. ಸಾವಿರಾರು ಜನ ಒಂದೇ ಲೋಕದಲ್ಲಿ ಮೀನು ಹಿಡಿಯುತ್ತಾ, ಮರ ಕಡಿಯುತ್ತಾ, ರಾಕ್ಷಸರನ್ನು ಕೊಲ್ಲುತ್ತಾ ಇರುತ್ತಾರೆ. ಆಟಗಾರನೊಬ್ಬ ಇನ್ನೊಬ್ಬ ಆಟಗಾರನ ಮೇಲೆ ಕತ್ತಿ ಎತ್ತುವುದಿದ್ದರೆ ಅದೇ ಪಿವಿಪಿ, ಬಿಡಿಸಿ ಹೇಳಿದರೆ ‘ಪ್ಲೇಯರ್ ವರ್ಸಸ್ ಪ್ಲೇಯರ್’.

‘ಆಟಗಾರ ವಿರುದ್ಧ ಆಟಗಾರ’ ಎಂದು ಮೊದಲು ಬರೆದೆ. ಓದಿದರೆ ಹೈಕೋರ್ಟಿನ ದಾವೆಯ ಹೆಸರಿನಂತಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟಗಳಲ್ಲಿ ಇದರ ಜೋಡಿಪದ ಪಿವಿಇ, ಕೊನೆಯ ಅಕ್ಷರ ‘ಎನ್ವಿರಾನ್‌ಮೆಂಟ್’. ಅದನ್ನೂ ಹೀಗೇ ಮಾಡಿದರೆ ‘ಆಟಗಾರ ವಿರುದ್ಧ ಪರಿಸರ’ ಆಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಟಿಸು ಕೊಟ್ಟಾರು. ಇದಕ್ಕೆ ನನ್ನ ಮಟ್ಟಿಗೆ ‘ಬೇಟೆ’ ಎಂದರೆ ಮುಗಿಯಿತು. ರಾಕ್ಷಸರನ್ನು, ಡ್ರ್ಯಾಗನ್ನುಗಳನ್ನು ಹುಡುಕಿಕೊಂಡು ಹೋಗಿ ಕೊಲ್ಲುವುದು ಬೇಟೆಯಲ್ಲದೆ ಇನ್ನೇನು?

ಆಮೇಲೆ ‘ಕಾಳಗ’ ಎಂದು ಹಾಕಿದೆ. ಇದು ಹಳೆಯ, ಗಟ್ಟಿ ಪದ. ಬೇಗೂರಿನ ನಾಗೇಶ್ವರ ಗುಡಿಯ ಸುಮಾರು 890ರ ಶಾಸನದಲ್ಲಿ ಬೆಂಗಳೂರಿನ ಹೆಸರು ಕಾಣುವುದೇ ಒಂದು ಕಾಳಗದ ಜೊತೆ. ಯಕ್ಷಗಾನದ ಪ್ರಸಂಗಗಳ ಹೆಸರು ನೋಡಿ: ಕೃಷ್ಣಾರ್ಜುನ ಕಾಳಗ, ಕರ್ಣಾರ್ಜುನ ಕಾಳಗ. ಇಬ್ಬರ ಹೆಸರು ಹೊಸೆದು ಮುಂದೆ ಕಾಳಗ ಎಂದರೆ ಅದಕ್ಕಿಂತ ಚೊಕ್ಕ ಪಿವಿಪಿ ಬೇಕೇ ಎಂದುಕೊಂಡೆ. ಹುಡುಗನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನು ಬಂತು.

“ಮಾಮಾ, ಕಾಳಗ ಅಂದ್ರ ಟಗರಿಂದ್ ಇರ್ತದ. ನಾವೇನ್ ಟಗರೇನು?”

ಜಾತ್ರೆಯಲ್ಲಿ ಟಗರಿನ ಕಾಳಗ ನೋಡಿ ಬೆಳೆದ ಹುಡುಗ, ಅವನ ಕಿವಿಗೆ ಆ ಪದ ಕೊಂಬು ಹೊತ್ತುಕೊಂಡೇ ಬರುತ್ತದೆ. ವಾದ ಮಾಡಿ ಪ್ರಯೋಜನವಿಲ್ಲ. ‘ಕಾದಾಟ’ ಎಂದೆ. ಅದಕ್ಕೆ ಒಪ್ಪಿದ. ‘ಆಟಗಾರರ ಕಾದಾಟ’, ಸಾಲಿನಲ್ಲಿ ಹಗುರವಾಗಿ ಕೂರುತ್ತದೆ, ಒಳಗೆ ಒಂದು ‘ಆಟ’ವೂ ಇದೆ.

ಈ ‘ಆಟ’ವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಹೊಡೆದಾಟ, ಬಡಿದಾಟ, ಗುದ್ದಾಟ, ಕಿತ್ತಾಟ, ಕಚ್ಚಾಟ. ಹೊಡೆತ ಬಡಿತದ ಮಾತಿಗೆ ನಾವು -ಆಡು ಹಚ್ಚಿದ ಕೂಡಲೇ ಎರಡೂ ಕಡೆಯವರ ಕೈ ಓಡತೊಡಗುತ್ತದೆ. ‘ಅವನು ನನ್ನನ್ನು ಹೊಡೆದ’ ಎಂದರೆ ನಾನು ತಿಂದವನು, ಅಷ್ಟೇ. ‘ಅವನ ಜೊತೆ ಹೊಡೆದಾಡಿದೆ’ ಎಂದರೆ ನಾನೂ ಕೊಟ್ಟಿದ್ದೇನೆ. ‘ಅವನನ್ನು ಹೊಡೆದಾಡಿದೆ’ ಎಂದು ಯಾರೂ ಅನ್ನುವುದಿಲ್ಲ. ಅಂದರೆ ‘ಕಾದಾಟ’ದಲ್ಲಿ ಇಬ್ಬರೂ ಕಾದುತ್ತಿರಬೇಕು. ಪಿವಿಪಿ ಎಂಬ ಮೂರಕ್ಷರಕ್ಕೆ ಆ ಕಟ್ಟುಪಾಡಿಲ್ಲ. ಒಪ್ಪಿ ಕಣಕ್ಕಿಳಿದ ಜೋಡಿಯೂ ಅದರಲ್ಲಿ ಬರುತ್ತದೆ, ಬೆನ್ನು ತಿರುಗಿಸಿ ಗಿಡಮೂಲಿಕೆ ಆರಿಸುತ್ತಿದ್ದವನನ್ನು ಹಿಂದಿನಿಂದ ಬಂದು ಮುಗಿಸುವುದೂ ಬರುತ್ತದೆ.

ಆಟದೊಳಗೆ ಈ ಎರಡರ ನಡುವಿನ ಅಂತರ ಸಣ್ಣದಲ್ಲ. ರೂನ್‌ಸ್ಕೇಪಿನಲ್ಲಿ ವೈಲ್ಡರ್ನೆಸ್ ಎಂಬ ಸೀಮೆಯಿದೆ. (ಕಾಡು ಎನ್ನಬೇಡಿ, ಮರವೇ ಇಲ್ಲವೆನ್ನಬೇಕು, ‘ಹಾಳುನೆಲ’ ಎಂದು ಬರೆದಿದ್ದೇನೆ.) ನಡುವೆ ಒಂದು ಕಾಲುವೆ, ಅದನ್ನು ಹಾರಿ ಉತ್ತರಕ್ಕೆ ಹೋದರೆ ಯಾರು ಬೇಕಾದರೂ ಮೇಲೆ ಬೀಳಬಹುದು. ಒಳಗೊಳಗೆ ಹೋದಂತೆ ನೆಲದ ಅಂಕಿ ಏರುತ್ತದೆ. ಅಂಕಿ 10 ಇದ್ದಲ್ಲಿ ನನಗಿಂತ ಹತ್ತು ಮಟ್ಟ ಮೇಲಿರುವವನೂ ನನ್ನನ್ನು ಹೊಡೆಯಬಹುದು. 20 ದಾಟಿದರೆ ಮಾಮೂಲಿ ಮಾಯಾಮಂತ್ರ ಹಾಕಿ ಪಾರಾಗುವಂತೆಯೂ ಇಲ್ಲ, ಓಡಬೇಕು. ಕೆಲವು ಕಡೆ ಒಬ್ಬನ ಮೇಲೆ ಒಬ್ಬನೇ ಬೀಳಬಹುದು, ಇನ್ನು ಕೆಲವು ಕಡೆ ಎಷ್ಟು ಜನ ಬೇಕಾದರೂ.

ಇದಕ್ಕಿಂತ ಸೊಗಸಾದದ್ದು ತಲೆಬುರುಡೆ. ತಂಟೆಗೆ ಬಾರದವನ ಮೇಲೆ ಮೊದಲು ಕೈ ಮಾಡಿದವನ ತಲೆಯ ಮೇಲೆ ಒಂದು ಬಿಳಿ ಬುರುಡೆ ಮೂಡುತ್ತದೆ. ಸತ್ತರೆ ಸಾಮಾನ್ಯ ಆಟಗಾರನಿಗೆ ತನ್ನ ವಸ್ತುಗಳಲ್ಲಿ ಬೆಲೆಬಾಳುವ ಮೂರು ಉಳಿಯುತ್ತವೆ. ಬುರುಡೆ ಹೊತ್ತವನಿಗೆ ಅದೂ ಇಲ್ಲ. ನಮ್ಮೂರಿನ ಪಂಚಾಯ್ತಿ ಕಟ್ಟೆಯಲ್ಲಿ ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆಯೂ ಅದೇ: “ಮೊದಲ ಕೈ ಮಾಡಿದಾಂವ ಯಾರು?” ಕಂಪ್ಯೂಟರಿನವರು ಅದನ್ನು ಕೇಳದೆಯೇ ಹಣೆಬರಹ ಬರೆದಿಟ್ಟಿದ್ದಾರೆ. ಅಂದಹಾಗೆ, ‘ನನಗೆ ಬುರುಡೆ ಬಿತ್ತು’ ಎಂದು ಬರೆದಾಗ ಹುಡುಗರು ಬಿದ್ದುಬಿದ್ದು ನಕ್ಕರು. ಬುರುಡೆ ಬಿಡುವುದು ಮಾತ್ರ ಅವರಿಗೆ ಗೊತ್ತು.

ಇನ್ನೊಂದು ಕಡೆ ಜೋಡಿಯಾಟ. ಹಳೆಯ ಡ್ಯುಯೆಲ್ ಅರೀನಾದಲ್ಲಿ ಒಬ್ಬ ಕರೆಯಬೇಕು, ಇನ್ನೊಬ್ಬ ಒಪ್ಪಬೇಕು, ಯಾವ ಆಯುಧ ಇರಬೇಕು ಯಾವುದು ಬಾರದು ಎಂದು ಗೊತ್ತುಮಾಡಿ, ಪಣ ಒಡ್ಡಿ, ಮತ್ತೊಮ್ಮೆ ಒಪ್ಪಿ ಕಣಕ್ಕಿಳಿಯಬೇಕು. (ಪಣದಾಟ ಜೂಜಾಯಿತೆಂದು 2022ರಲ್ಲಿ ಓಲ್ಡ್ ಸ್ಕೂಲಿನಿಂದ ಅದನ್ನು ತೆಗೆದು, ಪಣವಿಲ್ಲದ ಬೇರೆ ಕಣ ಹಾಕಿದರು.) ವಾರ್‌ಕ್ರಾಫ್ಟಿನಲ್ಲಾದರೆ ಬಾವುಟ ನೆಟ್ಟು ಶುರುಮಾಡುತ್ತಾರೆ, ಸೋತವನು ಸಾಯುವುದೂ ಇಲ್ಲ. ಮೈಸೂರು ದಸರೆಗೆ ಮೊದಲು ಪೈಲ್ವಾನರ ‘ಜೋಡಿ ಕಟ್ಟುವುದು’ ಎನ್ನುತ್ತಾರಲ್ಲ, ಆ ಮಾತನ್ನೇ ಇಲ್ಲಿಗೆ ಎತ್ತಿಕೊಂಡಿದ್ದೇನೆ.

ಈ ಎರಡನ್ನು ಆಟ ಮಾಡಿದವರೇ ಒಮ್ಮೆ ಬೇರೆ ಮಾಡಿ ತೋರಿಸಿದ್ದುಂಟು. ಆಟದ ಚಿನ್ನವನ್ನು ನಿಜವಾದ ದುಡ್ಡಿಗೆ ಮಾರುವವರ ಕಾಟಕ್ಕೆ 2007ರ ಡಿಸೆಂಬರಿನಲ್ಲಿ ಹಾಳುನೆಲದ ಬಿಡುಗತ್ತಿಯನ್ನು (ಯಾರು ಯಾರ ಮೇಲೆ ಬೇಕಾದರೂ ಬೀಳುವುದನ್ನು) ಕಿತ್ತುಹಾಕಿದರು. ಡ್ಯುಯೆಲ್ ಕಣ ಉಳಿಯಿತು, ಪಣಕ್ಕೆ ಮಿತಿ ಬಂತು. ಆಟಗಾರರ ಮತ ಕೇಳಿ ಹಳೆಯದನ್ನು ಮತ್ತೆ ತಂದದ್ದು 2011ರ ಫೆಬ್ರವರಿಯಲ್ಲಿ. ಆ ಮೂರು ವರ್ಷ ಹಾಳುನೆಲದಲ್ಲಿ ಹಳೆಯ ರೀತಿಯ ಹೊಂಚು ಇರಲಿಲ್ಲ.

ಈಗ ಹುಡುಗರ ಮಾತಿಗೆ ಬರುತ್ತೇನೆ. ಒಂದು ಭಾನುವಾರ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. “ಗೆಳೆಯಾನ ಜೋಡಿ ಡ್ಯುಯೆಲ್ ಆಡಿದ್ವಿ” ಎಂದ. ಸ್ವಲ್ಪ ಹೊತ್ತಿಗೆ ಮೊಬೈಲು ಹಾಸಿಗೆಯ ಮೇಲೆ ಬಿತ್ತು: “ಮೂರು ಮಂದಿ ಬಂದು ನನ್ನ ಪಿಕೆ ಮಾಡಿಬಿಟ್ರು ಮಾಮಾ!” ಪಿಕೆ ಎಂದರೆ ಆಟಗಾರನನ್ನು ಕೊಲ್ಲುವುದು. ಗಮನಿಸಿ: ಡ್ಯುಯೆಲ್‌ಗೆ ‘ಜೋಡಿ’ (ಎಂದರೆ ಜೊತೆ), ‘ಆಡು’. ಪಿಕೆಗೆ ‘ನನ್ನ’ (ಎಂದರೆ ನನ್ನನ್ನು), ‘ಮಾಡು’. ಪದ ಎರಡೂ ಇಂಗ್ಲಿಷಿನವು, ಆದರೆ ವಿಭಕ್ತಿಯೂ ಕ್ರಿಯಾಪದವೂ ಕನ್ನಡದ ಲೆಕ್ಕದಲ್ಲೇ ಬಂದು ಕೂತಿವೆ. ‘ಪಿಕೆ ಆಡಿದ್ವಿ’ ಎನ್ನಬಹುದೇ ಎಂದು ಕೇಳಿದೆ. “ಛೇ, ಹಂಗ ಬರೂದುಲ್ಲ” ಎಂದ. ಕಾರಣ ಹೇಳಲು ಬರಲಿಲ್ಲ, ತಪ್ಪು ಎಂಬುದು ಮಾತ್ರ ಖಚಿತ.

ನಮ್ಮ ವೀರಗಲ್ಲುಗಳಲ್ಲೂ ಹೀಗೇ ಎರಡು ಪದ: ತುರುಗೋಳ್, ತುರುಗಾಳಗ. ದನ ಹೊಡೆದುಕೊಂಡು ಹೋದದ್ದು ಒಂದು, ಅದಕ್ಕಾಗಿ ನಡೆದ ಬಡಿದಾಟ ಇನ್ನೊಂದು. ‘ಕೊಳ್’ ಒಂದು ಕಡೆಯವರ ಕೆಲಸ, ‘ಕಾಳಗ’ ಎರಡು ಕಡೆಯವರದು.

ಹಾಗಾದರೆ ನನಗೆ ಬೇಕಾದದ್ದು ‘ಗ್ಯಾಂಕ್’ ಎಂಬ ಪದಕ್ಕೆ ಒಂದು ಕನ್ನಡ. ಅರಿವಿಲ್ಲದವನ ಮೇಲೆ, ಹೆಚ್ಚಾಗಿ ಗುಂಪಾಗಿ, ಬಿದ್ದು ಕೊಲ್ಲುವುದಕ್ಕೆ ಆಟಗಾರರು ಹಾಗೆನ್ನುತ್ತಾರೆ. ಗ್ಯಾಂಗ್, ಕಿಲ್ ಎರಡೂ ಸೇರಿ ಆಯಿತೆಂದು ಹುಡುಗರ ನಂಬಿಕೆ. ಆದರೆ ಅಮೆರಿಕದ ಬೀದಿಮಾತಿನಲ್ಲಿ ಕದಿ, ಕಸಿದುಕೋ ಎಂಬ ಅರ್ಥಕ್ಕೆ ಅದು ಈ ಆಟಗಳಿಗಿಂತ ಮೊದಲೇ ಇತ್ತು. ಯಾರಾದರೂ ಅಭಿಮನ್ಯುವನ್ನು ಕರೆತರುವ ಮೊದಲೇ ಹೇಳಿಬಿಡುತ್ತೇನೆ, ಅವನು ಹೊಂದುವುದಿಲ್ಲ. ಅವನು ವ್ಯೂಹವೆಂದು ಗೊತ್ತಿದ್ದೇ ನುಗ್ಗಿದವನು.

ನಾನು ತೂಗಿ ನೋಡಿದವು ಹೀಗಿವೆ. ‘ಎರಗು’ ಚೆನ್ನಾಗಿದೆ, ಆದರೆ ದೇವರಿಗೂ ಎರಗುತ್ತೇವೆ; ‘ಮೇಲೆ’ ಬಿಟ್ಟರೆ ಅರ್ಥವೇ ಪಲ್ಟಿ. ‘ಅಡ್ಡಗಟ್ಟು’ ಎಂದರೆ ಎದುರು ಬಂದು ನಿಂತಂತೆ, ಇಲ್ಲಿ ಎದುರು ಬರುವುದೇ ಇಲ್ಲ. ‘ಮುಗಿಬೀಳು’ ಗುಂಪಿಗೆ ಹೇಳಿ ಮಾಡಿಸಿದ ಪದ, ಒಬ್ಬನೇ ಬಂದರೆ ನಡೆಯದು. ಮೇಲಾಗಿ ಸೀರೆ ಅಂಗಡಿಯ ರಿಯಾಯಿತಿ ನೆನಪಾಗುತ್ತದೆ. ಸದ್ಯಕ್ಕೆ ನನ್ನ ಒಲವು ‘ಹೊಂಚುಗೊಲೆ’ಯ ಕಡೆ. ಹೊಂಚು, ಕೊಲೆ ಸೇರಿ ತುರುಗಾಳಗದ ಹಾಗೆಯೇ ಕಕಾರ ಗಕಾರವಾಗುತ್ತದೆ. ‘ನನ್ನನ್ನು ಹೊಂಚುಗೊಲೆ ಮಾಡಿದರು’ ಎಂದರೆ ವಿಭಕ್ತಿಯೂ ಹುಡುಗನ ಬಾಯಿಗೆ ಒಗ್ಗುತ್ತದೆ. ತುಸು ಭಾರವಾಯಿತು ಎಂಬ ಅಳುಕಿದೆ. ‘ಕೊಲೆ’ ಎಂದ ಕೂಡಲೇ ಪೊಲೀಸು ಬರುವಂತಾಗುತ್ತದೆ, ಆಟದಲ್ಲಿ ಸತ್ತವನು ಮರುಕ್ಷಣ ಎದ್ದು ಊರೊಳಗೆ ನಿಂತಿರುತ್ತಾನೆ.

ನನ್ನ ಪ್ರಶ್ನೆ ಎರಡು. ನಿಮ್ಮ ಸೀಮೆಗಳಲ್ಲಿ, ಬೇಟೆಯ ಮಾತಿನಲ್ಲೋ ಮಕ್ಕಳ ಆಟದಲ್ಲೋ, ಮರೆಯಲ್ಲಿ ಕಾದಿದ್ದು ಮೇಲೆ ಬೀಳುವುದಕ್ಕೆ ಹಗುರವಾದ, ಒಂದೇ ಪದದ ಮಾತು ಇದೆಯೇ? ಎರಡನೆಯದು, ಮೇಲೆ ಹೇಳಿದ -ಆಡು ಲೆಕ್ಕವನ್ನು ಕೆಡಿಸುತ್ತಿರುವ ಒಂದು ಪದ. ಓಡಾಟ, ಪರದಾಟಗಳು ಬಿಡಿ, ಅಲ್ಲಿ ಹೊಡೆತವಿಲ್ಲ. ಆದರೆ ಒದೆಯುವುದು ಹೊಡೆತವೇ. ಗುದ್ದಾಡಿದರೆ ಇಬ್ಬರು ಬೇಕು, ಒದ್ದಾಡುವವನು ಮಾತ್ರ ಒಬ್ಬನೇ. ಇದು ಒಂಟಿಯಾದದ್ದು ಹೇಗೆ? ಹಳಗನ್ನಡದಲ್ಲಿ ಇಬ್ಬರು ಒಬ್ಬರನ್ನೊಬ್ಬರು ಒದ್ದಾಡಿದ ಪ್ರಯೋಗ ಯಾರ ಕಣ್ಣಿಗಾದರೂ ಬಿದ್ದಿದ್ದರೆ ತಿಳಿಸಿ. ಮೊದಲನೆಯ ಪ್ರಶ್ನೆಗೆ ಶನಿವಾರದೊಳಗೆ ಉತ್ತರ ಬಂದರೆ ಉಪಕಾರ, ಹುಡುಗರು ವಿಡಿಯೋ ಹಾಕುವುದು ಅಂದು ಸಂಜೆ.